ನಲವತ್ತನೆಯ ದಿನದ ಗೋಧಿ

ನಮ್ಮೂರಿನಲ್ಲಿ ಯಾರಾದರೂ ಸತ್ತರೆ ಅವರ ಫೋಟೊ ಇರುವ ಬಿಳಿ ಹಾಳೆಯೊಂದನ್ನು ಅಚ್ಚು ಹಾಕಿಸಿ ಮನೆ ಬಾಗಿಲಿಗೆ, ಬಸ್ ನಿಲ್ದಾಣಕ್ಕೆ, ಮಾರುಕಟ್ಟೆಯ ಮುಂದಿನ ಲಿಂಡನ್ ಮರಕ್ಕೆ ಅಂಟಿಸುತ್ತಾರೆ. ಸತ್ತವರು ಕೆಲಸದಲ್ಲಿದ್ದವರಾದರೆ ಆಫೀಸಿನವರದು ಇನ್ನೊಂದು ಹಾಳೆ. ಹಾಲು ತರಲು ಹೋದವರು ಮರದ ಮುಂದೆ ಒಂದು ಗಳಿಗೆ ನಿಂತು, ಓದಿ, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಮುಂದೆ ಹೋಗುತ್ತಾರೆ. ನೆವೆನಾ ಕೂಡ ಹಾಗೆಯೇ ಓದುತ್ತಿದ್ದಳು. ಪಿಂಗಾಣಿ ಕಾರ್ಖಾನೆ ಮುಚ್ಚಿ ಅವಳು ಮನೆಗೆ ಬಂದ ಮೇಲೆ ಓದುವ ಕ್ರಮ ಬದಲಾಯಿತು. ಮೊದಲು ಮುಖ ನೋಡುತ್ತಿದ್ದವಳು ಈಗ ಮೊದಲು ವಯಸ್ಸು ನೋಡುತ್ತಿದ್ದಳು. ಎಂಬತ್ತೊಂದು, ಎಪ್ಪತ್ತಾರು ಎಂದಿದ್ದರೆ ಇವರಿಂದ ಯಾವ ಜಾಗವೂ ಖಾಲಿಯಾಗುವುದಿಲ್ಲ. ಐವತ್ತೆಂಟು ಎಂದಿದ್ದರೆ ಕಣ್ಣು ತಾನಾಗಿಯೇ ಕೆಳಗಿನ ಸಾಲಿಗೆ ಇಳಿಯುತ್ತಿತ್ತು: ಅಂಟಿಸಿದವರು ಯಾರು, ಯಾವ ಕಚೇರಿಯವರು?

ಈ ಚಾಳಿ ಒಳ್ಳೆಯದಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೆ ಊರಿನಲ್ಲಿ ಹೊಸ ಕೆಲಸ ಎಂಬುದು ಹುಟ್ಟುವುದನ್ನೇ ನಿಲ್ಲಿಸಿತ್ತು. ಕೂತವರು ಎದ್ದುಹೋದರೆ ಒಂದು ಕುರ್ಚಿ ಖಾಲಿಯಾಗುತ್ತದೆ, ಅಷ್ಟೆ. ಅವರು ಎಲ್ಲಿಗೆ ಎದ್ದುಹೋದರು ಎಂದು ಯೋಚಿಸದೆ ಇದ್ದರೆ ಆಯಿತು.

ಮಾರ್ಚ್ ಕೊನೆಯ ಒಂದು ಬೆಳಿಗ್ಗೆ ಮರದ ಮೇಲೆ ಹೊಸ ಹಾಳೆಯಿತ್ತು. ಐವತ್ತೆರಡು. ನೀರು ಸರಬರಾಜು ಕಚೇರಿಯ ಪ್ರಯೋಗಾಲಯದವರಿಂದ. ಪ್ರಯೋಗಾಲಯ, ರಸಾಯನಶಾಸ್ತ್ರ ಓದಿದವರ ಕೆಲಸ, ಮನೆಯಿಂದ ನಡೆದೇ ಹೋಗಬಹುದು ಎಂದು ಮನಸ್ಸು ಎಲ್ಲವನ್ನೂ ಹೊಂದಿಸಿ ಮುಗಿಸಿದ ಮೇಲೆ ಅವಳು ಕಣ್ಣೆತ್ತಿ ಮುಖ ನೋಡಿದಳು. ಕಮೇಲಿಯಾ. ಪಾಲಿಟೆಕ್ನಿಕ್ಕಿನಲ್ಲಿ ಅವಳ ಪಕ್ಕದಲ್ಲೇ ಕೂರುತ್ತಿದ್ದ ಕಮೇಲಿಯಾ. ಆಸಿಡ್ ಚೆಲ್ಲಿ ನೆವೆನಾಳ ಲ್ಯಾಬ್ ಕೋಟು ಸುಟ್ಟುಹೋದಾಗ, ಅವಳ ಮನೆಯಲ್ಲಿ ಇನ್ನೊಂದು ಕೊಳ್ಳುವ ಶಕ್ತಿ ಇಲ್ಲವೆಂದು ಗೊತ್ತಿದ್ದು, ತನ್ನ ಕೋಟನ್ನೇ ಬಿಚ್ಚಿ ಕೊಟ್ಟು ಮೇಷ್ಟರ ಹತ್ತಿರ ಬೈಸಿಕೊಂಡ ಕಮೇಲಿಯಾ.

ಹಾಲಿನ ಬಾಟಲಿ ಹಿಡಿದುಕೊಂಡು ಅವಳು ಅಳು ಬರಲಿ ಎಂದು ನಿಂತಳು. ಬರಲಿಲ್ಲ. ಹಿಂದೆ ನಿಂತ ಯಾರೋ, "ಓದಿ ಆಯ್ತೇನಮ್ಮ?" ಎಂದಾಗ ಪಕ್ಕಕ್ಕೆ ಸರಿದಳು.

ಮನೆಯಲ್ಲಿ ಅವಳ ಗಂಡ ಲೋಜನ್ ಅಡುಗೆಮನೆಯ ಮೇಜಿನ ಮುಂದೆ ಎಡಗೈಯಲ್ಲಿ ಬ್ರೆಡ್ಡಿಗೆ ಬೆಣ್ಣೆ ಸವರಲು ಹೆಣಗಾಡುತ್ತಿದ್ದ. ನದಿಯ ಬಂದರಿನಲ್ಲಿ ಕ್ರೇನ್ ಓಡಿಸುತ್ತಿದ್ದ ಆಳು. ಪಾರ್ಶ್ವವಾಯು ಹೊಡೆದ ಮೇಲೆ ಬಲಗೈ ಅವನ ಮಾತು ಕೇಳುತ್ತಿರಲಿಲ್ಲ.

"ಯಾರು ಹೋಗಿದ್ದು?" ಎಂದ, ಅವಳ ಮುಖ ನೋಡಿ.

"ಕಮೇಲಿಯಾ."

"ನಮ್ಮ ಕಮೇಲಿಯಾನಾ? ಏನಾಗಿತ್ತೇ ಅವಳಿಗೆ? ಹೊಸ ವರ್ಷದ ದಿನ ಇಲ್ಲೇ ಕೂತು ನನ್ನ ರಕಿಯಾ ಕುಡಿದು, ಇದಕ್ಕಿಂತ ನಮ್ಮ ಲ್ಯಾಬಿನ ಸ್ಪಿರಿಟ್ಟೇ ವಾಸಿ ಅಂದಿದ್ಲಲ್ಲೇ!"

"ಹೃದಯ ಅಂತೆ. ಮಲಗಿದ್ದ ಹಾಗೇ."

ಅವನು ಚಾಕು ಕೆಳಗಿಟ್ಟ. "ಹಾಗಾದ್ರೆ ಅವಳ..." ಎಂದವನು ಅಲ್ಲಿಗೇ ನಿಲ್ಲಿಸಿದ. "ಏನಿಲ್ಲ ಬಿಡು."

ನೆವೆನಾ ಹಾಲನ್ನು ಪಾತ್ರೆಗೆ ಸುರಿದಳು. ಅವನಿಗೂ ಅದೇ ಹೊಳೆದಿದ್ದಕ್ಕೆ ಸಮಾಧಾನವಾಯಿತೋ ಅಸಹ್ಯವಾಯಿತೋ ಅವಳಿಗೆ ತಿಳಿಯಲಿಲ್ಲ.

ಕಾರ್ಖಾನೆಯಲ್ಲಿ ಅವಳು ಪಿಂಗಾಣಿಗೆ ಹಚ್ಚುವ ಮೆರುಗಿನ ಪ್ರಯೋಗಾಲಯದಲ್ಲಿದ್ದಳು. ಮಾಲೀಕರು ಕುಲುಮೆಗಳನ್ನು ಬಿಚ್ಚಿ ಬೇರೆ ದೇಶಕ್ಕೆ ಸಾಗಿಸಿದ ದಿನ ಎಲ್ಲರಿಗೂ ಒಂದೊಂದು ಕಾಫಿ ಸೆಟ್ ಕೊಟ್ಟು ಕಳಿಸಿದ್ದರು. ಆಮೇಲೆ ಉದ್ಯೋಗ ಕಚೇರಿಯಲ್ಲಿ ಒಂದು ತರಬೇತಿ. ಬಾಯಿ ತುಂಬ ಹಲ್ಲಿದ್ದ ಹುಡುಗಿಯೊಬ್ಬಳು ಸಂದರ್ಶನದಲ್ಲಿ ಹೇಗೆ ನಗಬೇಕೆಂದು ಕಲಿಸಿದಳು. ಐವತ್ತು ದಾಟಿದ ಹೆಂಗಸರು ಸಾಲಾಗಿ ಕೂತು ನಗುವುದನ್ನು ಅಭ್ಯಾಸ ಮಾಡಿದರು. ಹೊಲಿಗೆ ಘಟಕದ ಒಡತಿ ಮುಖ ನೋಡದೆ ಕೈ ಮಾತ್ರ ನೋಡಿ, "ಈ ಬೆರಳಿಗೆ ವೇಗ ಬರಲ್ಲಮ್ಮ" ಎಂದಳು. ಹೆದ್ದಾರಿಯ ಸೂಪರ್ ಮಾರ್ಕೆಟ್ಟಿನಲ್ಲಿ ಅವಳ ಮಗಳಿಗಿಂತ ತುಸು ದೊಡ್ಡವನಂತಿದ್ದ ಮ್ಯಾನೇಜರ್, "ಐದು ವರ್ಷದಲ್ಲಿ ನೀವು ಎಲ್ಲಿರಬೇಕು ಅಂದ್ಕೊಂಡಿದೀರಿ?" ಎಂದು ಕೇಳಿದ. ಪ್ರಶ್ನೆಯನ್ನು ಎಲ್ಲ ಕಡೆಯಿಂದಲೂ ತೂಗಿ ನೋಡಿ ಅವಳು, "ಇಲ್ಲೇ, ಈ ಊರಲ್ಲೇ" ಎಂದಳು. ಅವನು ಏನನ್ನೋ ಗೀಚಿಕೊಂಡ. ಫೋನ್ ಮಾಡುತ್ತೇವೆ ಎಂದರು. ಸ್ನಾನಕ್ಕೆ ಹೋಗುವಾಗಲೂ ಅವಳು ಫೋನನ್ನು ಸೋಪಿನ ಪಕ್ಕದಲ್ಲಿ ಇಟ್ಟುಕೊಳ್ಳುತ್ತಿದ್ದಳು.

ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಈ ಊರಲ್ಲೇ ಇರುವುದು. ಕೆಳಗಿನ ಮಹಡಿಯ ಜಿವ್ಕಾ ಇಟಲಿಯ ಮನೆಗಳಿಗೆ ಹೆಂಗಸರನ್ನು ಗೊತ್ತುಮಾಡಿ ಕಳಿಸುತ್ತಿದ್ದಳು, ಮುದುಕರನ್ನು ನೋಡಿಕೊಳ್ಳಲು. ನೆವೆನಾಳ ಕಟ್ಟಡದಲ್ಲೇ ಎಷ್ಟೋ ಮನೆಗಳ ಮಕ್ಕಳು ತಾಯಿಯನ್ನು ಫೋನಿನ ಗಾಜಿನೊಳಗೆ ನೋಡಿಕೊಂಡು ಬೆಳೆಯುತ್ತಿದ್ದರು. ಅವಳ ಮಗಳು ರಾಲಿತ್ಸಾಳಿಗೆ ಶಾಲೆಯ ಕೊನೆಯ ವರ್ಷ ಇನ್ನೂ ಬಾಕಿಯಿತ್ತು. ಲೋಜನ್‌ಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ.

"ಇನ್ನೂ ಕೆಲಸ ಹುಡುಕ್ತಿದೀಯೇನೇ?" ಎಂದು ಜಿವ್ಕಾ ಮೆಟ್ಟಿಲ ಮೇಲೆ ಅಡ್ಡ ನಿಂತಳು. "ಈ ಊರಲ್ಲಿ ಕೈತುಂಬ ಕೆಲಸ ಇರೋದು ಇಬ್ಬರಿಗೇ. ಗುಂಡಿ ತೋಡೋನಿಗೆ, ಸಾವಿನ ಹಾಳೆ ಅಚ್ಚು ಹಾಕೋನಿಗೆ."

"ಸ್ವಲ್ಪ ದಿನ ಕಾಯ್ತೀನಿ ಜಿವ್ಕಾ."

"ನೀನು ಕಾಯ್ತೀಯ, ಬೆರ್ಗಾಮೊದ ಮುದುಕಿ ಕಾಯಲ್ಲ. ಅವಳಿಗೂ ವಯಸ್ಸಾಯ್ತು ಕಣೇ! ಮೇ ತಿಂಗಳ ಎರಡನೇ ಶನಿವಾರದ ಬಸ್ಸು. ಬರ್ತೀಯೋ, ಬೇರೆಯವಳಿಗೆ ಹೇಳ್ಲೋ?"

"ಮೇ ಹೊತ್ತಿಗೆ ಹೇಳ್ತೀನಿ."

ಅಂತ್ಯಕ್ರಿಯೆಗೆ ನೆವೆನಾ ಬಿಳಿ ಹೂ ತೆಗೆದುಕೊಂಡು ಹೋದಳು. ಗಾಳಿ ನದಿಯ ಕಡೆಯಿಂದ ಬೀಸುತ್ತಿತ್ತು, ಪಾದ್ರಿಯ ಮೇಣದ ಬತ್ತಿ ಆರಿ ಆರಿ ಹೋಗುತ್ತಿತ್ತು. ಕಮೇಲಿಯಾಳ ತಾಯಿ ವೂತಾ ಅಜ್ಜಿ ಒಂದು ಕುರ್ಚಿಯಲ್ಲಿ ಕೂತು, ಮಣ್ಣು ಹಾಕುವವರ ಕೈಯನ್ನೇ ನೋಡುತ್ತಿದ್ದಳು. ಗಂಡನಿಂದ ಬಿಡುಗಡೆಯಾದ ಮೇಲೆ ಕಮೇಲಿಯಾ ತಾಯಿಯ ಜೊತೆಗೇ ಇದ್ದವಳು. ಅವರ ಮನೆ ನೀರಿನ ಕಚೇರಿಗೆ ಎದುರು ಕಟ್ಟಡದಲ್ಲಿ. ಬೆಳಿಗ್ಗೆ ಮಗಳು ಲ್ಯಾಬಿಗೆ ಹೋಗಿ ದೀಪ ಹಾಕಿದ್ದನ್ನು ಅಡುಗೆಮನೆಯ ಕಿಟಕಿಯಿಂದ ನೋಡಿದ ಮೇಲೆಯೇ ಅಜ್ಜಿ ಕಾಫಿಗೆ ನೀರಿಡುತ್ತಿದ್ದಳಂತೆ. ಅಲ್ಲಿ ನಿಂತ ಹೆಂಗಸರು ಅದನ್ನೇ ಹೇಳಿಕೊಂಡು ಅಳುತ್ತಿದ್ದರು.

ಗೇಟಿನ ಹತ್ತಿರ ಎಲ್ಲರಿಗೂ ಬ್ರೆಡ್ಡು, ಸಕ್ಕರೆ ಹಾಕಿ ಬೇಯಿಸಿದ ಗೋಧಿ ಕೊಟ್ಟರು. ಸತ್ತವರ ಹೆಸರಿನಲ್ಲಿ ಕೊಟ್ಟದ್ದಕ್ಕೆ ಯಾರೂ ಥ್ಯಾಂಕ್ಸ್ ಹೇಳುವುದಿಲ್ಲ. ಕೊಡುತ್ತಿರುವುದು ಬದುಕಿದವರಲ್ಲ, ಸತ್ತವರು. "ದೇವರು ಅವಳನ್ನು ಕ್ಷಮಿಸಲಿ" ಎಂದು ಹೇಳಿ ತೆಗೆದುಕೊಳ್ಳಬೇಕು. ಮಾತು ಕಲಿಯುವ ಮಗುವಿಗೂ ಇದನ್ನು ಹೇಳಿಕೊಟ್ಟಿರುತ್ತಾರೆ. ನೆವೆನಾ ಎಲ್ಲರಂತೆ ಹೇಳಿದಳು, ಎಲ್ಲರಂತೆ ತಿಂದಳು.

ಅವಳು ಹೊರಡುವಾಗ ನೀರಿನ ಕಚೇರಿಯ ಎಂಜಿನಿಯರ್ ಮಾಲಿನೊವ್ ಟೋಪಿ ಕೈಯಲ್ಲಿ ಹಿಡಿದು ಹತ್ತಿರ ಬಂದರು. ಮೆತ್ತಗಿನ ಮನುಷ್ಯ. ಮಾತಾಡುವಾಗ ಟೋಪಿಯನ್ನು ತಿರುಗಿಸುತ್ತಲೇ ಇರುವವರು.

"ನಿಮ್ಮ ಕಾರ್ಖಾನೆ ವಿಷಯ ಕೇಳಿದೆ, ನೆವೆನಾ ಅವರೇ."

"ಹೌದು ಸಾರ್."

"ಈಗ ಇಲ್ಲಿ ನಿಂತು ಏನೂ ಮಾತಾಡೋದು ಬೇಡ. ನಲವತ್ತು ದಿನ ಕಳೀಲಿ. ಅಲ್ಲೀವರೆಗೆ ಆ ಕುರ್ಚೀಲಿ ಯಾರನ್ನೂ ಕೂರಿಸಲ್ಲ ನಾನು." ಟೋಪಿ ಒಂದು ಸುತ್ತು ತಿರುಗಿತು. "ಅವಳ ಮಗಳು ಬಿಲ್ಯಾನಾ ಕೂಡ ಅದನ್ನೇ ಓದಿದಾಳೆ. ಮೊದಲು ಮನೆಯವರನ್ನ ಕೇಳ್ಬೇಕು, ಅದು ಧರ್ಮ. ಅವಳು ಬೇಡ ಅಂದ್ರೆ ನಿಮ್ಮನ್ನ ಬಿಟ್ಟು ಬೇರೆ ಯಾರನ್ನೂ ಕೇಳಲ್ಲ."

ಅವಳು ತಲೆಯಾಡಿಸಿದಳು. ಬಾಯಿ ತೆರೆದರೆ ಏನು ಹೊರಬರುತ್ತದೋ ಎಂಬ ಹೆದರಿಕೆಯಿಂದ ತುಟಿ ಬಿಗಿಹಿಡಿದೇ ಮನೆಗೆ ಬಂದಳು.

ಸತ್ತವರು ನಲವತ್ತು ದಿನ ತಾವು ಓಡಾಡಿದ ಜಾಗದಲ್ಲೇ ಓಡಾಡುತ್ತಾರೆ ಎಂದು ನಮ್ಮ ಕಡೆ ಹೇಳುತ್ತಾರೆ. ನೆವೆನಾ ಅಂಥದ್ದನ್ನೆಲ್ಲ ನಂಬುವವಳಲ್ಲ. ಆದರೂ ನೀರಿನ ಕಚೇರಿಯ ಮುಂದೆ ಹೋಗುವಾಗ ಲ್ಯಾಬಿನ ಕತ್ತಲೆ ಕಿಟಕಿಯ ಕಡೆ ತಿರುಗಿ ನೋಡುತ್ತಿರಲಿಲ್ಲ. ಬಿಲ್ಯಾನಾಳ ಮೇಲೆ ಮಾತ್ರ ಅವಳ ಕಣ್ಣಿತ್ತು. ಬಿಲ್ಯಾನಾ ಪ್ಲೊವ್ದಿವ್ ನಗರದ ಹೋಟೆಲೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಗಂಡ, ಸಣ್ಣ ಮಗು ಅಲ್ಲೇ. ರಜೆ ಹಾಕಿ ಅಜ್ಜಿಯ ಜೊತೆಗಿದ್ದಳು. ಅವಳು ಪರದೆಗಳನ್ನು ಬಿಚ್ಚಿ ಒಗೆದು ಹಾಕಿದ ದಿನ, ಉಳಿಯುತ್ತಾಳೆ ಎಂದುಕೊಂಡು ನೆವೆನಾಳಿಗೆ ಊಟ ಇಳಿಯಲಿಲ್ಲ. ನಿಲ್ದಾಣದಲ್ಲಿ ಬಸ್ಸಿನ ಸಮಯ ಕೇಳುತ್ತಿದ್ದಳು ಎಂದು ಯಾರೋ ಹೇಳಿದ ದಿನ ಮನೆಯಲ್ಲಿ ಪ್ಯಾನ್‌ಕೇಕ್ ಆಯಿತು. ಮಾರುಕಟ್ಟೆಯಲ್ಲಿ ಎದುರಾದಾಗ, "ಅಜ್ಜಿ ಹೇಗಿದಾರಮ್ಮ?" ಎಂದು ಕೇಳಿದಳು. ಕೇಳಿದ್ದು ಅಜ್ಜಿಯ ಬಗ್ಗೆ ಅಲ್ಲ ಎಂಬುದು ತನ್ನ ದನಿಯಲ್ಲೇ ತನಗೆ ಕೇಳಿಸಿತು.

"ಒಳ್ಳೇದಕ್ಕೆ ಆಸೆಪಡ್ತಿದೀಯ ಕಣೇ," ಎಂದ ಲೋಜನ್. "ಅವಳಿಗೂ ಅಲ್ಲಿ ಮಗು ಇದೆ. ನೀನೇನು ಅವಳ ಬಾಯಿಂದ ಕಿತ್ಕೊಳ್ತಿದೀಯಾ?"

"ನಾನು ಕಮೇಲಿಯಾಗೋಸ್ಕರ ಇನ್ನೂ ಅತ್ತಿಲ್ಲ ಲೋಜನ್."

"ಕೆಲಸ ಸಿಕ್ಕಿದ ಮೇಲೆ ಅಳು. ಹೊಟ್ಟೆ ತುಂಬಿದಾಗ ಅಳು ಚೆನ್ನಾಗಿ ಬರತ್ತೆ." ಅವಳು ನಗಲಿಲ್ಲ ಎಂದು ನೋಡಿ, ಎಡಗೈಯನ್ನು ಅವಳ ಮೊಣಕೈ ಮೇಲಿಟ್ಟ.

ನಲವತ್ತನೆಯ ದಿನದ ಕಾರ್ಯ ಮೇ ತಿಂಗಳ ಮೊದಲ ಶನಿವಾರ ನಡೆಯಿತು. ಸಮಾಧಿಯ ಮೇಲೆ ಹುಲ್ಲು ಆಗಲೇ ಚಿಗುರಿತ್ತು. ವೂತಾ ಅಜ್ಜಿ ಮಣ್ಣಿಗೆ ವೈನ್ ಸುರಿದಳು. ಲ್ಯಾಬಿನ ಹೆಂಗಸರು, ಮಾಲಿನೊವ್, ನೆರೆಹೊರೆಯವರು ಸುತ್ತ ನಿಂತಿದ್ದರು. ಬಿಲ್ಯಾನಾ ಪ್ಲಾಸ್ಟಿಕ್ ಲೋಟಗಳಲ್ಲಿ ಗೋಧಿ ತುಂಬಿ, ಮೇಲೆ ಪುಡಿಸಕ್ಕರೆ, ಆಕ್ರೋಟು ಉದುರಿಸಿ ಒಬ್ಬೊಬ್ಬರಿಗೇ ಕೊಡುತ್ತ ಬಂದಳು. ಅವಳು ಒಬ್ಬರಿಂದ ಒಬ್ಬರಿಗೆ ದಾಟಿದ ಹಾಗೆ "ದೇವರು ಅವಳನ್ನು ಕ್ಷಮಿಸಲಿ", "ದೇವರು ಕ್ಷಮಿಸಲಿ" ಎಂಬ ಮಾತು ಹತ್ತಿರ ಹತ್ತಿರ ಬರುತ್ತಿತ್ತು. ನೆವೆನಾ ಕೂಡ ಮಾತನ್ನು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿ ಇಟ್ಟುಕೊಂಡು ನಿಂತಳು.

ಬಿಲ್ಯಾನಾ ಅವಳ ಮುಂದೆ ನಿಂತು ಲೋಟ ಚಾಚಿದಳು. ಅವಳ ಕಣ್ಣು ಊದಿಕೊಂಡಿತ್ತು. ದನಿ ತಗ್ಗಿಸಿ, "ಚಿಕ್ಕಮ್ಮ, ನಾನು ಪ್ಲೊವ್ದಿವ್‌ಗೆ ವಾಪಸ್ ಹೋಗ್ತಿದೀನಿ," ಎಂದಳು. "ಅಮ್ಮನ ಕುರ್ಚೀಲಿ ನನಗೆ ಕೂರಕ್ಕಾಗಲ್ಲ. ನಿಮಗೇ ಕೊಡಿ ಅಂತ ಮಾಲಿನೊವ್ ಸಾರ್‌ಗೆ ಬೆಳಿಗ್ಗೇನೇ ಹೇಳ್ಬಿಟ್ಟೆ."

"ಥ್ಯಾಂಕ್ಸ್," ಎಂದಳು ನೆವೆನಾ.

ಜೋರಾಗಿ ಹೇಳಲಿಲ್ಲ. ಆದರೆ ಅಷ್ಟು ಜನ ನಿಂತಿದ್ದ ಕಡೆ ಅದೊಂದು ಮಾತು ಮಾತ್ರ ಬೇರೆ ಇತ್ತು. ಲ್ಯಾಬಿನ ಹೆಂಗಸೊಬ್ಬಳ ಚಮಚ ಲೋಟದಲ್ಲೇ ನಿಂತಿತು. ಮಾಲಿನೊವ್ ತಮ್ಮ ಟೋಪಿಯ ಒಳಗಡೆ ನೋಡತೊಡಗಿದರು.

ವೂತಾ ಅಜ್ಜಿ ಕುರ್ಚಿಯಿಂದ ತಿರುಗಿದಳು. "ಏನಂದೆ?"

"ಅಜ್ಜಿ, ಬಾಯಿ ತಪ್ಪಿ..." ಎಂದು ಬಿಲ್ಯಾನಾ ಶುರುಮಾಡಿದಳು.

"ನೀನು ಸುಮ್ನಿರು. ನಾನು ಇವಳನ್ನ ಕೇಳಿದ್ದು. ಥ್ಯಾಂಕ್ಸಾ? ಯಾಕಮ್ಮ ಥ್ಯಾಂಕ್ಸು? ನನ್ನ ಮಗಳು ಸತ್ತು ನಿನಗೆ ಉಪಕಾರ ಮಾಡಿದ್ಲಾ?"

ನೆವೆನಾ ಸರಿಯಾದ ಮಾತಿಗಾಗಿ ತಡಕಾಡಿದಳು. ಅದು ಇಲ್ಲೇ ಇತ್ತು, ಈಗ ತಾನೇ ಇತ್ತು. ಸಿಗಲಿಲ್ಲ. ಬಿಲ್ಯಾನಾ ಮುಂದಿನವರಿಗೆ ಲೋಟ ಕೊಟ್ಟಳು. "ದೇವರು ಕ್ಷಮಿಸಲಿ" ಎಂಬುದು ಮತ್ತೆ ಶುರುವಾಗಿ, ಅವಳನ್ನು ದಾಟಿ, ಆ ಕಡೆಗೆ ಹೋಯಿತು.

ಗೋಧಿಯ ಲೋಟವನ್ನು ಚೆಲ್ಲುವಂತಿಲ್ಲ. ಹಿಡಿದುಕೊಂಡೇ ಊರು ದಾಟಿ ಮನೆಗೆ ಬಂದಳು. ನಡೆದದ್ದನ್ನು ಕೇಳಿ ಲೋಜನ್ ಮೊದಲು ನಗಲು ಹೋದ, ಆಮೇಲೆ ಅವಳ ಮುಖ ನೋಡಿ ಬಿಟ್ಟುಬಿಟ್ಟ.

"ಒಂದು ಮಾತು ಕಣೇ. ಜನ ಮರೀತಾರೆ."

"ಮರೆಯಲ್ಲ. ಯಾಕಂದ್ರೆ ಅದು ಸುಳ್ಳಲ್ಲ. ಬಾಯಿ ತಪ್ಪಿ ಬಂದಿದ್ದಾದ್ರೆ ಮರೀತಿದ್ರು."

ಸೋಮವಾರ ಮಾಲಿನೊವ್ ಫೋನ್ ಮಾಡಿದರು. ಜಾಗ ಅವಳದೇ, ಮುಂದಿನ ವಾರದಿಂದ ಬರಬಹುದು ಎಂದರು. ಶನಿವಾರದ ಮಾತನ್ನು ಎತ್ತಲಿಲ್ಲ. ಎತ್ತದೆ ಇರಲು ಅವರು ಪಡುತ್ತಿದ್ದ ಕಷ್ಟ ಫೋನಿನಲ್ಲೇ ಕೇಳಿಸುತ್ತಿತ್ತು. "ಹೆಂಗಸರು ಏನಾದ್ರೂ ಅಂದ್ಕೊಂಡ್ರೆ ಅಂದ್ಕೊಳ್ಳಲಿ, ಸ್ವಲ್ಪ ದಿನ," ಎಂದು ಕೊನೆಗೆ ಸೇರಿಸಿದರು. ಯೋಚಿಸಿ ಹೇಳುತ್ತೇನೆ ಎಂದಳು ನೆವೆನಾ. ಅಷ್ಟು ತಿಂಗಳಿಂದ ಸೋಪಿನ ಪಕ್ಕ ಇಟ್ಟುಕೊಂಡು ಕಾದಿದ್ದ ಫೋನ್ ಅದು. ಕೆಳಗಿಟ್ಟು, ಮಹಡಿ ಇಳಿದು ಹೋಗಿ ಜಿವ್ಕಾಳ ಬಾಗಿಲು ತಟ್ಟಿದಳು.

"ಶನಿವಾರದ ಬಸ್ಸಿಗೆ ನನ್ನ ಹೆಸರು ಬರ್ಕೋ."

"ಅಯ್ಯೋ, ನಿನಗೆ ಕೆಲಸ ಸಿಕ್ತು ಅಂದ್ರಲ್ಲೇ!" ಜಿವ್ಕಾ ಕಣ್ಣು ಅರಳಿಸಿದಳು. ಅವಳಿಗೆ ಎಲ್ಲ ಗೊತ್ತಿತ್ತು, ಇಡೀ ಊರಿಗೆ ಗೊತ್ತಿತ್ತು. ಆಮೇಲೆ, "ಅಲ್ಲಿ ಚಳಿ ಜಾಸ್ತಿ, ದಪ್ಪ ಸ್ವೆಟರ್ ತಗೋ" ಎಂದಳು.

ನೆವೆನಾ ಸೂಟ್‌ಕೇಸ್ ತೆಗೆದಳು. ಲೋಜನ್‌ನ ಅಂಗಿಗಳ ಗುಂಡಿ ಕತ್ತರಿಸಿ, ಒಂದೊಂದಕ್ಕೇ ಅಂಟುಪಟ್ಟಿ ಹೊಲಿಯಲು ಕೂತಳು, ಒಂದೇ ಕೈಯಲ್ಲಿ ಹಾಕಿಕೊಳ್ಳಲು ಆಗುವಂತೆ. ಅವನು ಎದುರಿಗೆ ಕೂತು ನೋಡುತ್ತಿದ್ದ. ಹೋಗಬೇಡ ಎನ್ನಲಿಲ್ಲ. ಬೀಳುವ ಗುಂಡಿಗಳನ್ನು ಎಡಗೈಯಲ್ಲಿ ಹೆಕ್ಕಿ ಕಾರ್ಖಾನೆಯವರು ಕೊಟ್ಟ ಪಿಂಗಾಣಿ ಬಟ್ಟಲಿಗೆ ಹಾಕುತ್ತಿದ್ದ. ರಾಲಿತ್ಸಾ ಶಾಲೆಯಿಂದ ಬಂದು ಬಟ್ಟಲನ್ನು ನೋಡಿದಳು, ಸೂಟ್‌ಕೇಸನ್ನು ನೋಡಿದಳು, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಶುಕ್ರವಾರ ಮಧ್ಯಾಹ್ನ ಯಾರೋ ಬಾಗಿಲನ್ನು ಕೋಲಿನಿಂದ ತಟ್ಟಿದರು. ವೂತಾ ಅಜ್ಜಿ. ಲಿಫ್ಟ್ ಕೆಟ್ಟು ವರ್ಷವಾಗಿತ್ತು. ನಾಲ್ಕು ಮಹಡಿ ಹತ್ತಿ ಬಂದು ಉಸಿರು ಸಿಗದೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ನೆವೆನಾ ಕುರ್ಚಿ ತರಲು ಹೋದರೆ ಬೇಡವೆಂದು ಕೋಲು ಅಲ್ಲಾಡಿಸಿದಳು.

"ಕೂರಕ್ಕೆ ಬಂದಿಲ್ಲ. ನಿನ್ನ ಮೇಲಿನ ಪ್ರೀತಿಗೂ ಬಂದಿಲ್ಲ." ಉಸಿರು ತೆಗೆದುಕೊಂಡಳು. "ಇಟಲಿಗೆ ಹೋಗ್ತೀಯಂತೆ."

"ಹೌದು ಅಜ್ಜಿ."

"ಆಮೇಲೆ ಆ ಕುರ್ಚೀಲಿ ಯಾರು ಕೂರ್ತಾರೆ?"

ನೆವೆನಾ ಒಳಗಿದ್ದ ಸೂಟ್‌ಕೇಸಿನ ಕಡೆ ನೋಡಿದಳು.

"ಯಾರೂ ಕೂರಲ್ಲ. ಮಾಲಿನೊವ್ ನಂಗೆ ಹೇಳಿದ. ಈ ತಿಂಗಳು ಜನ ಸಿಗದೆ ಇದ್ರೆ ಮೇಲಿನವರು ಆ ಜಾಗಾನೇ ತೆಗೆದುಹಾಕ್ತಾರಂತೆ, ಕೋಣೆಗೆ ಬೀಗ ಹಾಕ್ತಾರಂತೆ. ನನ್ನ ಅಡುಗೆಮನೆ ಕಿಟಕಿ ಎದುರಿಗೆ ಅದೊಂದೇ ಕಿಟಕಿ ಇರೋದು. ನಲವತ್ತು ದಿನ ಕತ್ತಲೆ ನೋಡಿದೀನಿ. ಇನ್ನು ಸಾಯೋವರೆಗೂ ಅದನ್ನೇ ನೋಡ್ಲಾ?"

ಅವಳು ಚೀಲದಿಂದ ಒಂದು ಜೊತೆ ಬಿಳಿ ಚಪ್ಪಲಿ ತೆಗೆದಳು. ಲ್ಯಾಬಿನಲ್ಲಿ ಹಾಕುವಂಥವು, ಹೊಸವು, ಬೆಲೆಯ ಚೀಟಿ ಇನ್ನೂ ಅಂಟಿಕೊಂಡಿತ್ತು.

"ಚಳಿಗಾಲದಲ್ಲಿ ತಗೊಂಡಿದ್ಲು. ಅಲ್ಲಿ ನೆಲ ತಣ್ಣಗಿರತ್ತೆ ಅಂತಿದ್ಲು. ಒಂದು ದಿನಾನೂ ಹಾಕ್ಲಿಲ್ಲ." ಎರಡೂ ಕೈಯಲ್ಲಿ ಚಾಚಿದಳು. "ಇಟ್ಕೋ. ಅವಳ ಹೆಸರಲ್ಲಿ ಕೊಡ್ತಿದೀನಿ."

ನೆವೆನಾ ತೆಗೆದುಕೊಂಡಳು. ಅಜ್ಜಿ ಚಪ್ಪಲಿಯನ್ನು ಬಿಡಲಿಲ್ಲ. ಒಂದು ತುದಿ ಅವಳ ಕೈಯಲ್ಲಿ, ಒಂದು ತುದಿ ಇವಳ ಕೈಯಲ್ಲಿ.

"ಹೇಳು," ಎಂದಳು ಅಜ್ಜಿ.

"ದೇವರು..." ಎಂದಳು ನೆವೆನಾ. ಅಲ್ಲಿಗೆ ನಿಂತಿತು. ಸುಟ್ಟುಹೋದ ಕೋಟಿನ ವಾಸನೆ, ತೋಳು ಉದ್ದವಾಗಿದ್ದ ಇನ್ನೊಂದು ಕೋಟು, ಮೇಷ್ಟರ ಮುಂದೆ ತಲೆ ತಗ್ಗಿಸಿ ನಿಂತು ಕಳ್ಳನಗೆ ನಗುತ್ತಿದ್ದ ಹುಡುಗಿ. "ದೇವರು ಕ್ಷಮಿಸಲಿ ಅವಳನ್ನ" ಎಂದಳು, ಎನ್ನುತ್ತಲೇ ಬಾಗಿಲಿಗೆ ಒರಗಿದಳು. ಮಾರ್ಚ್‌ನಿಂದ ಬಾರದಿದ್ದ ಅಳು, ಪಕ್ಕದ ಮನೆಯವರು ಬಾಗಿಲು ತೆರೆದು ಇಣುಕುವಷ್ಟು ಬಂತು.

ಅಜ್ಜಿ ಅಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಮುಗಿಯುವವರೆಗೆ ನಿಂತಿದ್ದಳು. "ಪರದೆ ಎಳೀಬೇಡ," ಎಂದಷ್ಟೇ ಹೇಳಿ, ಕೋಲೂರಿಕೊಂಡು ಒಂದೊಂದೇ ಮೆಟ್ಟಿಲು ಇಳಿದಳು. ಲೋಜನ್ ಎದ್ದುಬಂದು, ಕೈ ಹಿಡಿಯಲೇ ಎಂದು ಕೇಳಿದ್ದಕ್ಕೆ, "ನಿನ್ನ ಕೈಯನ್ನ ಮೊದಲು ನೀನು ಹಿಡ್ಕೋಪ್ಪ" ಎಂದಳು ಕೆಳಗಿನಿಂದ.

ಶನಿವಾರದ ಬಸ್ಸು ಅವಳಿಲ್ಲದೆ ಹೋಯಿತು. ಸೋಮವಾರ ನೆವೆನಾ ಲ್ಯಾಬಿಗೆ ಬೇಗ ಹೋದಳು. ಲ್ಯಾಬಿನ ಹೆಂಗಸರು ಇನ್ನೂ ಬಂದಿರಲಿಲ್ಲ. ಅವರು ಬರುತ್ತಾರೆ, ಚಾಚೂ ತಪ್ಪದ ಮರ್ಯಾದೆಯಿಂದ ಮಾತಾಡಿಸುತ್ತಾರೆ, ಬ್ರೆಡ್ಡಿನ ತುಂಡು ಚಾಚುತ್ತಾರೆ. ಆಗ ಅವಳಿಗೆ ಥ್ಯಾಂಕ್ಸ್ ಎನ್ನಲು ಬಾಯಿ ಬರುವುದಿಲ್ಲ, ಸುಮ್ಮನೆ ತೆಗೆದುಕೊಳ್ಳುತ್ತಾಳೆ. ಇದೆಲ್ಲ ಅವಳಿಗೆ ಮೊದಲೇ ಕಾಣುತ್ತಿತ್ತು. ಕಮೇಲಿಯಾಳ ಕಾಲು ಅವಳ ಕಾಲಿಗಿಂತ ಚಿಕ್ಕದು. ಬಿಳಿ ಚಪ್ಪಲಿಯ ಹಿಂಬದಿಯ ಪಟ್ಟಿಯನ್ನು ಮಡಚಿ ಮೆಟ್ಟಿಕೊಂಡಳು. ಆದರೂ ಹೆಬ್ಬೆರಳು ಒತ್ತುತ್ತಿತ್ತು.

ದೀಪ ಹಾಕಿದಳು. ರಸ್ತೆಯಾಚೆ, ಎದುರು ಕಟ್ಟಡದ ಅಡುಗೆಮನೆಯ ಕಿಟಕಿಯಲ್ಲಿ ಒಂದು ಆಕಾರ ನಿಂತಿತ್ತು. ನೆವೆನಾಳ ಕೈ ಅರ್ಧ ಮೇಲೆದ್ದಿತು. ಆ ಕಿಟಕಿಯಿಂದ ನೋಡಿದರೆ ದೀಪ ಕಾಣುತ್ತದೆ, ಬಿಳಿ ಕೋಟು ಕಾಣುತ್ತದೆ, ಮುಖ ಯಾರದೆಂದು ಇಷ್ಟು ದೂರಕ್ಕೆ ತಿಳಿಯುವುದಿಲ್ಲ. ಕೈಯನ್ನು ಕೆಳಗಿಳಿಸಿ, ಅವಳು ಕಿಟಕಿಗೆ ಓರೆಯಾಗಿ ಕೂತು ನೀರಿನ ಮೊದಲ ಬಾಟಲಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಓರೆಗಣ್ಣಿನಲ್ಲಿ ನೋಡಿದಾಗ ಆಚೆಯ ಕಿಟಕಿಯ ಗಾಜು ಆವಿಯಿಂದ ಮಸುಕಾಗಿತ್ತು. ಅಜ್ಜಿ ಕಾಫಿಗೆ ನೀರಿಟ್ಟಿದ್ದಳು.